ಹೆಸರು ಮತ್ತು ನೆನಪು

ಒಬ್ಬರು ಒಂದು ಶಬ್ದವನ್ನು ನುಡಿಯುವುದು, ಕೇಳಿದವರು ಮನಸ್ಸಿಗೆ ಮೊದಲು ತೋರಿದ ಶಬ್ದವನ್ನು ಒಡನೆಯೇ ಹೇಳುವುದು. ಈ ಆಟ ಅನೇಕರಿಗೆ ಪರಿಚಿತವಾದುದು. ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆಯ ತಾಣಗಳ ಹೆಸರುಗಳನ್ನೇ ಹಿಡಿದು ಇದನ್ನು ಆಡಿ ನೋಡಬಹುದು. ಸ್ವಿಟ್ಸರ್ಲೆಂಡಿನ ‘ಡಾವೋಸ್’ ಎಂದೊಡನೆ ಕ್ರೀಡಾಪ್ರಿಯರಿಗೆ ಹಿಮ ನೆನಪಾದೀತು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅಲ್ಲಿ ನಡೆಯುವ ವಿಶ್ವ ಆರ್ಥಿಕ ವೇದಿಕೆಯ ಸಭೆ. ವೈದ್ಯಶಾಸ್ತ್ರದ ಚರಿತ್ರೆಯನ್ನು ಓದಿದವರಿಗೆ ಹಿಂದೆ ಅಲ್ಲಿದ್ದ ಕ್ಷಯರೋಗಿಗಳ ಆರೋಗ್ಯಧಾಮಗಳು.

ಈ ಆಟವನ್ನು ವಿಜ್ಞಾನಿಗಳು ಗಂಭೀರವಾಗಿಯೇ ಪರಿಗಣಿಸಿದ್ದಾರೆ. 1879ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ನನು 75 ಶಬ್ದಗಳನ್ನು ಚೀಟಿಗಳಲ್ಲಿ ಬರೆದು, ಒಂದೊಂದನ್ನೇ ನೋಡಿ, ತನ್ನಲ್ಲಿ ಮೂಡಿದ ಆಲೋಚನೆಗಳನ್ನೂ ಅವು ಮೂಡಲು ಹಿಡಿದ ಕಾಲವನ್ನೂ ಗುರುತುಹಾಕಿಕೊಂಡನು. ಅವುಗಳಲ್ಲಿ ಬಹಳಷ್ಟು ಬಾಲ್ಯದ ಅನುಭವಗಳಿಂದ ಬಂದಿದ್ದುವು. ಮುಂದೆ ಜೂರಿಕ್ ನಗರದಲ್ಲಿ ಯೂಂಗನು, ಉತ್ತರವು ತಡವಾದರೆ ಆ ಶಬ್ದವು ಯಾವುದೋ ಆಳವಾದ ಭಾವನೆಯನ್ನು ತಾಕಿರಬಹುದೆಂದು ತರ್ಕಿಸಿದನು. 1910ರಲ್ಲಿ ಅಮೆರಿಕದ ಕೆಂಟ್ ಮತ್ತು ರೊಸಾನಾಫ್ ಎಂಬ ಸಂಶೋಧಕರು 1000 ಮಂದಿಗೆ 100 ಶಬ್ದಗಳನ್ನು ಹೇಳಿ ಉತ್ತರಗಳನ್ನು ಪಟ್ಟಿಮಾಡಿದರು. ‘ಮೇಜು’ ಎಂಬುದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಬಂದ ಉತ್ತರ ‘ಕುರ್ಚಿ’. ಹೀಗೆ ಶಬ್ದಗಳ ನಂಟುಗಳಲ್ಲಿ ಕೆಲವು ಬಹುಜನರಿಗೆ ಸಮಾನವಾದವು. ಕೆಲವು ಅವರವರ ಬಾಳಿನಿಂದ ಹುಟ್ಟಿದವು.

ಬಹುಜನರ ಉತ್ತರವೇ ಶಬ್ದದ ಪೂರ್ಣಾರ್ಥವೆಂದು ತಿಳಿದರೆ ಅನ್ಯಾಯವಾಗುವುದುಂಟು. ಕ್ಯಾಲಿಫೋರ್ನಿಯಾದ ‘ಸ್ಕ್ವಾ ವ್ಯಾಲಿ’ಯಲ್ಲಿ 1960ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದುವು. ಹೊರಗಿನವರಿಗೆ ಆ ಹೆಸರು ಹಿಮವನ್ನೂ ಪದಕಗಳನ್ನೂ ನೆನಪಿಗೆ ತರುತ್ತಿತ್ತು. ಆದರೆ ‘ಸ್ಕ್ವಾ’ ಎಂಬುದು ಅಮೆರಿಕದ ಮೂಲನಿವಾಸಿ ಸ್ತ್ರೀಯರನ್ನು ಹೀನಾಯವಾಗಿ ಕರೆಯಲು ಬಳಕೆಯಾದ ಮಾತು. ಆ ಜನರಿಗೆ ಅದು ಅವಮಾನವನ್ನು ನೆನಪಿಸುತ್ತಿತ್ತು. 2021ರಲ್ಲಿ ಆ ತಾಣವು ‘ಪ್ಯಾಲಿಸೇಡ್ಸ್ ಟಾಹೋ’ ಎಂದು ಹೆಸರನ್ನು ಬದಲಾಯಿಸಿಕೊಂಡಿತು.

ಹಳೆಯ ಹೆಸರನ್ನು ಅಳಿಸಿದರೆ ಚರಿತ್ರೆಯೇ ಅಳಿಯುವುದೆಂದು ಆಕ್ಷೇಪಿಸುವವರುಂಟು. ನಮಗೆ ಈ ವಾದವು ಒಪ್ಪಿಗೆಯಾಗದು. ಚರಿತ್ರೆಯು ಗ್ರಂಥಗಳಲ್ಲಿ ಉಳಿಯುತ್ತದೆ; ದಿನನಿತ್ಯ ಕಿವಿಗೆ ಬೀಳುವ ಹೆಸರಾದರೋ ಕೇಳುವವರ ಮನಸ್ಸಿನಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ನಮಗೆ ನೋವಾಗಲಿಲ್ಲವೆಂಬುದು ಇತರರಿಗೂ ನೋವಾಗದೆಂಬುದಕ್ಕೆ ಪ್ರಮಾಣವಲ್ಲ.

ವಿದ್ಯಾರ್ಥಿಗಳು ಈ ಆಟವನ್ನು ಆಡಲಿ ಎಂದೇ ನಾವು ಬಯಸುತ್ತೇವೆ. ಒಂದು ಉತ್ತರದಿಂದ ಗೆಳೆಯರ ಸ್ವಭಾವವನ್ನು ನಿರ್ಣಯಿಸುವ ಅವಸರ ಬೇಡ. ವಿಚಿತ್ರವಾದ ಉತ್ತರ ಬಂದಾಗ ನಗುವುದಕ್ಕೆ ಮೊದಲು, ಅದು ಎಲ್ಲಿಂದ ಬಂದಿತೆಂದು ಕೇಳಿ ತಿಳಿಯುವುದು ಮೇಲು.