ಉಂಡೂ ಹೋದ, ಕೊಂಡೂ ಹೋದ

ಒಂದು ಊರಿನ ಹೆಸರಿಟ್ಟುಕೊಂಡು, ಆ ಊರಿನವರ ಟಿಕೆಟ್ ದುಡ್ಡಿನಲ್ಲಿ ಬೆಳೆದು, ಆ ಊರಿನ ಸಾರ್ವಜನಿಕ ಕಟ್ಟಡದಲ್ಲೇ ಇಪ್ಪತ್ತೆರಡು ವರ್ಷ ಆಡಿದ ತಂಡವನ್ನು ಒಬ್ಬ ಮಾಲೀಕ ಗಂಟುಮೂಟೆ ಕಟ್ಟಿಸಿ, ನೂರಾರು ಕಿಲೋಮೀಟರ್ ದೂರದ ಇನ್ನೊಂದು ಊರಿಗೆ ಒಯ್ಯಬಹುದೇ? ಒಯ್ಯಬಹುದು ಎನ್ನುತ್ತದೆ ಕಾನೂನು. ಒಯ್ಯಬಾರದು ಎನ್ನುತ್ತೇನೆ ನಾನು. ಕಾನೂನಿನ ಮುಂದೆ ಒಬ್ಬ ಮೇಷ್ಟರಮ್ಮನ ಮಾತು ಎಷ್ಟರದು ಎಂದು ನಗುವವರು ನಗಲಿ. ನಕ್ಕ ಮೇಲಾದರೂ ಕೇಳಿ.

ನಾನು ಹೇಳಹೊರಟಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಜಾನ್ಸ್‌ಟೌನ್ ಎಂಬ ಸಣ್ಣ ಊರಿನ ಐಸ್ ಹಾಕಿ ತಂಡದ ಕಥೆ. ನಮ್ಮ ಸ್ಟಾಫ್ ರೂಮಿನಲ್ಲಿ ಈ ಮಾತು ತೆಗೆದರೆ ಸಹೋದ್ಯೋಗಿಗಳು "ಅಯ್ಯೋ ಮೇಡಂ, ಕೊಡಗಿನವರ ಹಾಕಿ ಬಿಟ್ಟು ಅದೆಲ್ಲಿಯ ಮಂಜುಗಡ್ಡೆ ಹಾಕಿ?" ಎನ್ನುತ್ತಾರೆ. ಕೊಡಗಿನ ಹೆಸರು ಬಂದದ್ದು ಒಳ್ಳೆಯದೇ ಆಯಿತು. 1997ರಿಂದ ಅಲ್ಲಿ ನಡೆಯುವ ಕೌಟುಂಬಿಕ ಹಾಕಿ ಹಬ್ಬದಲ್ಲಿ ತಂಡಕ್ಕೆ ಮನೆತನದ ಹೆಸರು. ಆ ಹೆಸರನ್ನು ಯಾರಾದರೂ ಪಕ್ಕದ ಜಿಲ್ಲೆಯವರಿಗೆ ಮಾರುವುದನ್ನು ಊಹಿಸಿಕೊಳ್ಳಿ ನೋಡೋಣ! ಅಮೆರಿಕದಲ್ಲಿ ಅದು ದಿನನಿತ್ಯದ ವ್ಯವಹಾರ.

ಮಗಳು ಪಿಟ್ಸ್‌ಬರ್ಗಿನಲ್ಲಿದ್ದಾಳೆ. ಬೇಸಿಗೆ ರಜೆಯಲ್ಲಿ ಹೋದಾಗ ಮೊದಲು ಪೆನ್ ಹಿಲ್ಸಿನ ವೆಂಕಟೇಶ್ವರನ ದರ್ಶನವಾಯಿತು, ಎರಡನೆಯ ವಾರ ಅಳಿಯಂದಿರು ಜಾನ್ಸ್‌ಟೌನಿಗೆ ಕರೆದುಕೊಂಡು ಹೋದರು. ಬೆಟ್ಟಗಳ ನಡುವೆ ಬಟ್ಟಲಿನ ಹಾಗೆ ಕುಳಿತ ಊರು, ಎರಡು ನದಿಗಳು ಕೂಡುವ ಜಾಗ. ಉಕ್ಕಿನ ಕಾರ್ಖಾನೆಗಳ ಉದ್ದುದ್ದ ಶೆಡ್ಡುಗಳು ಇನ್ನೂ ನಿಂತಿವೆ, ಒಳಗೆ ಸದ್ದಿಲ್ಲ. 1950ರಲ್ಲಿ 63 ಸಾವಿರ ಜನರಿದ್ದ ಊರಿನಲ್ಲಿ 2020ರ ಜನಗಣತಿಗೆ ಸಿಕ್ಕವರು ಹದಿನೆಂಟು ಸಾವಿರ ಚಿಲ್ಲರೆ.

ಈ ಊರಿಗೆ ಬೇರೆಯವರ ಒಡೆತನದ ರುಚಿ ಹೊಸದಲ್ಲ. ಊರಿನಿಂದ 22 ಕಿಲೋಮೀಟರ್ ಮೇಲೆ ಸೌತ್ ಫೋರ್ಕ್ ಎಂಬಲ್ಲಿ ಒಂದು ಹಳೆಯ ಮಣ್ಣಿನ ಅಣೆಕಟ್ಟಿತ್ತು. ಅದನ್ನು ಪಿಟ್ಸ್‌ಬರ್ಗಿನ ಸಿರಿವಂತರ ಮೀನು ಹಿಡಿಯುವ, ಬೇಟೆಯಾಡುವ ಕ್ಲಬ್ಬೊಂದು ಕೊಂಡುಕೊಂಡಿತು. ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಫ್ರಿಕ್ ಅವರಂಥವರು ಅದರ ಸದಸ್ಯರು. ನೀರು ಹೊರಬಿಡುವ ಕೊಳವೆಗಳನ್ನು ಹಿಂದಿನವರೇ ತೆಗೆದಿದ್ದರು, ಕ್ಲಬ್ಬಿನವರು ಮತ್ತೆ ಹಾಕಿಸಲಿಲ್ಲ. ಕೋಡಿಗೆ ಮಾತ್ರ ಜಾಲರಿ ಹಾಕಿಸಿದರು, ಸಾಕಿದ ಮೀನು ತಪ್ಪಿಸಿಕೊಳ್ಳಬಾರದಲ್ಲ! 1889ರ ಮೇ 31ರಂದು ಅಣೆಕಟ್ಟು ಒಡೆಯಿತು. ಕೆಳಗಿದ್ದ ಜಾನ್ಸ್‌ಟೌನಿನಲ್ಲಿ ಮತ್ತು ದಾರಿಯ ಹಳ್ಳಿಗಳಲ್ಲಿ 2,209 ಜನ ಸತ್ತರು. ಯಾವ ನ್ಯಾಯಾಲಯವೂ ಕ್ಲಬ್ಬನ್ನು ಹೊಣೆ ಮಾಡಲಿಲ್ಲ. ಕಾರ್ನೆಗಿ ಸಾಹೇಬರು ಊರಿಗೊಂದು ಗ್ರಂಥಾಲಯ ಕಟ್ಟಿಸಿಕೊಟ್ಟರು. ಆ ಕಟ್ಟಡದಲ್ಲೇ ಈಗ ಪ್ರವಾಹದ ವಸ್ತುಸಂಗ್ರಹಾಲಯವಿದೆ. ನಾನು ಅಲ್ಲಿ ಒಂದು ಗಂಟೆ ನಿಂತೆ. ಒಡೆತನ ಒಬ್ಬರದು, ಮುಳುಗುವವರು ಇನ್ನೊಬ್ಬರು ಎಂಬ ಲೆಕ್ಕವನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಪಾಠ ನನ್ನ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಇನ್ನು ಆಟದ ಮಾತು. ಮಂಜುಗಡ್ಡೆಯ ಅಂಕಣ, ಕಾಲಿಗೆ ಅಲಗಿನ ಸ್ಕೇಟು, ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಒಂದು ಕಡೆಗೆ ಆರು ಜನ, ಇಪ್ಪತ್ತು ನಿಮಿಷದ ಮೂರು ಸರದಿ. ಮೇಲಿನ ದೊಡ್ಡ ಲೀಗಿನವರಿಗೆ ವಿಮಾನ, ಕೋಟಿಗಟ್ಟಲೆ ಸಂಬಳ. ಕೆಳಗಿನ ಸಣ್ಣ ಲೀಗುಗಳವರಿಗೆ ರಾತ್ರಿಯಿಡೀ ಬಸ್ಸು, ವಾರಕ್ಕೊಮ್ಮೆ ಕೈಗೆ ಬರುವ ಸಣ್ಣ ಪಗಾರ, ಎಂದಾದರೂ ಮೇಲಿನಿಂದ ಕರೆ ಬಂದೀತೆಂಬ ಆಸೆ. ಇಂಥ ತಂಡಗಳು ಬದುಕಿರುವುದು ಸಣ್ಣ ಊರುಗಳ ಪ್ರೀತಿಯಿಂದ. ಟೀವಿಯ ದುಡ್ಡು ಇವುಗಳ ಬಾಗಿಲಿಗೆ ಬರುವುದಿಲ್ಲ.

ಜಾನ್ಸ್‌ಟೌನಿನಲ್ಲಿ ಯುದ್ಧದಲ್ಲಿ ಮಡಿದವರ ನೆನಪಿಗೆಂದು ಕಟ್ಟಿದ ಕೇಂಬ್ರಿಯಾ ಕೌಂಟಿ ವಾರ್ ಮೆಮೋರಿಯಲ್ ಎಂಬ ಸಭಾಂಗಣವಿದೆ. ಸುಮಾರು ನಾಲ್ಕು ಸಾವಿರ ಜನ ಕೂರಬಹುದು. 1950ರಲ್ಲಿ ಅದು ತೆರೆಯಿತು, ಅದೇ ವರ್ಷ ಜೆಟ್ಸ್ ಎಂಬ ತಂಡವೂ ಹುಟ್ಟಿತು. ಕುಲುಮೆಯ ಮುಂದೆ ಬೆಂದವರು ರಾತ್ರಿ ಮಂಜಿನ ಪಕ್ಕ ಬಂದು ಕೂತು ಕೂಗುವುದು, ಎಂಥ ಸೊಗಸು ನೋಡಿ! ಇಪ್ಪತ್ತೇಳು ವರ್ಷ ಜೆಟ್ಸ್ ಆಡಿತು, 1975ರಲ್ಲಿ ತನ್ನ ಲೀಗಿನ ಲಾಕ್‌ಹಾರ್ಟ್ ಕಪ್ ಗೆದ್ದಿತು.

ಆ ಹೊತ್ತಿಗೆ ತಂಡದಲ್ಲಿ ನೆಡ್ ಡೌಡ್ ಎಂಬ ಆಟಗಾರನಿದ್ದ. ಅವನ ಅಕ್ಕ ನ್ಯಾನ್ಸಿ ಡೌಡ್ ಬರಹಗಾರ್ತಿ. ತಂಡ ಮಾರಾಟಕ್ಕಿದೆಯಂತೆ ಎಂದು ತಮ್ಮ ಹೇಳಿದಾಗ ಆಕೆ ಊರಿಗೇ ಬಂದು ಕೂತಳು. ತಮ್ಮನ ಕೈಗೆ ಟೇಪ್ ರೆಕಾರ್ಡರ್ ಕೊಟ್ಟು ಬಸ್ಸಿನ ಮಾತು, ಬಟ್ಟೆ ಬದಲಿಸುವ ಕೋಣೆಯ ಮಾತು ಎಲ್ಲವನ್ನೂ ಹಿಡಿಸಿದಳು. ಹೀಗೆ ಹುಟ್ಟಿದ್ದು 'ಸ್ಲ್ಯಾಪ್ ಶಾಟ್' ಚಿತ್ರ. ನಿರ್ದೇಶಕ ಜಾರ್ಜ್ ರಾಯ್ ಹಿಲ್, ನಾಯಕ ಪಾಲ್ ನ್ಯೂಮನ್, ಚಿತ್ರೀಕರಣ ಬಹುಪಾಲು ಜಾನ್ಸ್‌ಟೌನಿನಲ್ಲೇ, ಬಿಡುಗಡೆ 1977. ಮಗಳ ಜೊತೆ ಕೂತು ನೋಡಿದೆ. ಬೈಗುಳ ಕೇಳಲಾಗದೆ ಎರಡು ಸಲ ಅಡುಗೆಮನೆಗೆ ಎದ್ದುಹೋದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಇಷ್ಟು ಹೊಲಸು ಮಾತನ್ನು ಹೆಣ್ಣು ಹೇಗೆ ಬರೆದಳು ಎಂದು ಹುಬ್ಬೇರಿಸುವವರಿದ್ದಾರೆ. ಗಂಡಸರು ಆಡಿದ್ದನ್ನು ಬರೆದಳು, ಅಷ್ಟೇ! ಆಡಿದವರನ್ನು ಬಿಟ್ಟು ಬರೆದವಳನ್ನು ಹಿಡಿಯುವ ಈ ನ್ಯಾಯ ನಮಗೆ ಹೊಸದೇನು?

ಚಿತ್ರದಲ್ಲಿ ಊರಿನ ಕಾರ್ಖಾನೆ ಮುಚ್ಚುತ್ತಿದೆ, ಹತ್ತು ಸಾವಿರ ಜನರ ಕೆಲಸ ಹೋಗುತ್ತಿದೆ. ತಂಡ ಸೋಲುತ್ತಿದೆ. ಆಗ ನಾಯಕ ಆಟ ಬಿಟ್ಟು ಹೊಡೆದಾಟ ಹಿಡಿಯುತ್ತಾನೆ. ಜನ ಮುಗಿಬೀಳುತ್ತಾರೆ. ಮೂವರು ಕನ್ನಡಕದ ಸೋದರರು ಎದುರಾಳಿಗಳನ್ನು ಬಡಿಯುವ ದೃಶ್ಯಗಳನ್ನು ಹೇಳಿಕೊಂಡು ಇಂದಿಗೂ ನಗುವವರಿದ್ದಾರೆ. ಜೆಟ್ಸ್ ತಂಡದ ಕಾರ್ಲ್‌ಸನ್ ಸೋದರರೇ ಅದಕ್ಕೆ ಮೂಲ. ಜಗಳವಾಡಿದ ಆಟಗಾರನನ್ನು ಐದು ನಿಮಿಷ ಪೆಟ್ಟಿಗೆಯಂಥ ಜಾಗದಲ್ಲಿ ಕೂರಿಸಿ ಮತ್ತೆ ಆಟಕ್ಕೆ ಬಿಡುವ ಪದ್ಧತಿ ಈ ಆಟದಲ್ಲಿದೆ. ನನ್ನ ತರಗತಿಯಲ್ಲಿ ಮೂಗು ಒಡೆದುಕೊಂಡವರನ್ನು ಐದು ನಿಮಿಷ ಹೊರಗೆ ನಿಲ್ಲಿಸಿ ಒಳಗೆ ಕರೆದರೆ ಪೋಷಕರು ಸುಮ್ಮನಿದ್ದಾರೆಯೇ? ಆದರೆ ಚಿತ್ರದ ಪ್ರಾಣ ಹೊಡೆದಾಟದಲ್ಲಿಲ್ಲ. ಕೊನೆಗೆ ನಾಯಕ ತಂಡದ ಗುಪ್ತ ಮಾಲೀಕರನ್ನು ಹುಡುಕಿಕೊಂಡು ಹೋಗುತ್ತಾನೆ. ಮಾಲೀಕಳು ಒಬ್ಬ ಸಿರಿವಂತ ಹೆಂಗಸು, ಚೆಂದದ ಮನೆ, ಇಬ್ಬರು ಮಕ್ಕಳು. ಹೊಡೆದಾಟ ನೋಡಿ ಕೆಡುತ್ತಾರೆಂದು ತನ್ನ ಮಕ್ಕಳಿಗೆ ಆ ಆಟ ತೋರಿಸುವುದಿಲ್ಲ. ತಂಡವನ್ನು ಮಾರಬಹುದಾದರೂ ಮಾರುವುದಿಲ್ಲ, ಮುಚ್ಚಿದರೆ ತೆರಿಗೆಯಲ್ಲಿ ಲಾಭ ಹೆಚ್ಚು. ಊರಿನ ಮಕ್ಕಳಿಗೆ ಮಾರಲು ಅಡ್ಡಿಯಿಲ್ಲದ ಸರಕು ಸ್ವಂತ ಮಕ್ಕಳಿಗೆ ವಿಷ! ನಗುವವರೆಲ್ಲ ಈ ದೃಶ್ಯವನ್ನು ಮರೆಯುತ್ತಾರೆ. ಮಾಲೀಕ ಹೆಣ್ಣಾದ ಮಾತ್ರಕ್ಕೆ ಕರುಳು ಬೇರೆಯಾಗುವುದಿಲ್ಲ ಎಂದು ಬರೆದ ನ್ಯಾನ್ಸಿ ಡೌಡಳ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ಚಿತ್ರ ಬಂದ ವರ್ಷವೇ, 1977ರ ಜುಲೈಯಲ್ಲಿ, ಜಾನ್ಸ್‌ಟೌನಿಗೆ ಮತ್ತೆ ಪ್ರವಾಹ ಬಂತು. ಎಂಬತ್ತಕ್ಕೂ ಹೆಚ್ಚು ಜನ ಹೋದರು. ಜೆಟ್ಸ್ ತಂಡವೂ ಆ ವರ್ಷಕ್ಕೇ ಮುಗಿಯಿತು, ಅದು ಆಡುತ್ತಿದ್ದ ಲೀಗೂ ಮುಚ್ಚಿತು. ಆಮೇಲೆ ಒಂದೆರಡು ವರ್ಷ ಬೇರೆ ಹೆಸರಿನ ತಂಡಗಳು ಬಂದುಹೋದವು. ಉಕ್ಕಿನ ಕೆಲಸ ಸೋರುತ್ತಾ ಸೋರುತ್ತಾ, 1992ರಲ್ಲಿ ಬೆಥ್ಲೆಹೆಮ್ ಸ್ಟೀಲ್ ಕಂಪನಿ ಅಲ್ಲಿಯ ಕೆಲಸವನ್ನೇ ಮುಚ್ಚಿತು. ಸಿನಿಮಾದಲ್ಲಿ ಕಂಡದ್ದು ಬೀದಿಯಲ್ಲಿ ನಡೆಯಿತು.

ಇಷ್ಟರ ನಡುವೆ 1988ರ ಜನವರಿಯಲ್ಲಿ ಊರಿಗೆ ಮತ್ತೆ ತಂಡ ಬಂತು. ಸಿನಿಮಾದ ತಂಡದ ಹೆಸರನ್ನೇ ಅದಕ್ಕೂ ಇಟ್ಟರು: ಚೀಫ್ಸ್. ಸಿನಿಮಾದ ಸೋದರರಲ್ಲಿ ಒಬ್ಬನಾಗಿದ್ದ ಸ್ಟೀವ್ ಕಾರ್ಲ್‌ಸನ್ ಅದಕ್ಕೆ ತರಬೇತುದಾರನಾದ. ಅದೇ ವರ್ಷ ಐದು ತಂಡಗಳು ಸೇರಿ ಈಸ್ಟ್ ಕೋಸ್ಟ್ ಹಾಕಿ ಲೀಗ್ ಕಟ್ಟಿದವು, ಚೀಫ್ಸ್ ಅವುಗಳಲ್ಲೊಂದು. ಮೊದಲ ವರ್ಷವೇ ಫೈನಲ್ ತಲುಪಿ ಸೋತಿತು. ಆಮೇಲೆ ಒಂದು ಸಲವೂ ಕಪ್ ಗೆಲ್ಲಲಿಲ್ಲ. ಉಳಿದ ನಾಲ್ಕು ತಂಡಗಳು ಊರು ಬಿಟ್ಟವು, ಮುಚ್ಚಿದವು. ಹುಟ್ಟಿದ ಊರಲ್ಲೇ ಉಳಿದದ್ದು ಚೀಫ್ಸ್ ಒಂದೇ. ಕಪ್ ಗೆಲ್ಲದ ತಂಡಕ್ಕೆ, ಕೆಲಸ ಕಳೆದುಕೊಂಡ ಊರು, ಇಪ್ಪತ್ತೆರಡು ವರ್ಷ ಟಿಕೆಟ್ ಕೊಂಡಿತು. ಇದಕ್ಕಿಂತ ದೊಡ್ಡ ನಿಷ್ಠೆಯನ್ನು ಯಾರಾದರೂ ತೋರಿಸಿಕೊಡಿ.

2010ರಲ್ಲಿ ತಂಡ ದಕ್ಷಿಣ ಕ್ಯಾರೊಲಿನಾದ ಗ್ರೀನ್‌ವಿಲ್ ಎಂಬ ಬೆಳೆಯುತ್ತಿರುವ ಊರಿಗೆ ಹೊರಟುಹೋಯಿತು. ಹೆಸರು ಬದಲಾಯಿತು, ಬಣ್ಣ ಬದಲಾಯಿತು. 2015ರಲ್ಲಿ ಹೆಸರು ಇನ್ನೊಮ್ಮೆ ಬದಲಾಗಿ ಈಗ ಯಾವುದೋ ಮೊಲದ ಹೆಸರಿದೆ. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ ಅಲ್ಲವೇ?

"ಅತ್ತೆ, ಅದು ಬಿಸಿನೆಸ್. ಜನ ಬರಲಿಲ್ಲ, ನಷ್ಟವಾಯಿತು, ಹೋದರು. ಅದರಲ್ಲಿ ತಪ್ಪೇನು?" ಎಂದರು ಅಳಿಯಂದಿರು, ಕಾರು ಓಡಿಸುತ್ತಾ. ಓದಿದ ಹುಡುಗರೆಲ್ಲ ಹೀಗೇ ಮಾತನಾಡುತ್ತಾರೆ. ಕೊನೆಯ ವರ್ಷಗಳಲ್ಲಿ ಜನ ಕಡಿಮೆಯಾಗಿದ್ದರು, ನಿಜ. ಆದರೆ ಇಪ್ಪತ್ತು ಸಾವಿರದ ಊರಿನಲ್ಲಿ ನಾಲ್ಕು ಸಾವಿರದ ಸಭಾಂಗಣ ತುಂಬಬೇಕಾದರೆ ಐದು ಜನರಲ್ಲಿ ಒಬ್ಬರು ಬಂದು ಕೂರಬೇಕು. ಬರೀ ವ್ಯಾಪಾರವಾದರೆ ಅಂಗಡಿಗೆ ಮಾಲೀಕನ ಹೆಸರನ್ನೇ ಇಡಲಿ. ಸೋತಾಗ ಗೆದ್ದಾಗ "ನಮ್ಮ ಜಾನ್ಸ್‌ಟೌನ್" ಎಂದು ಊರಿನವರಿಂದ ಕೂಗಿಸಿಕೊಳ್ಳುವುದು, ಲಾಭ ನಷ್ಟದ ಮಾತು ಬಂದಾಗ ಮಾತ್ರ "ನನ್ನ ಸೊತ್ತು" ಎನ್ನುವುದು, ಇದು ಯಾವ ಊರಿನ ವ್ಯಾಪಾರ? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಜನರಿಗೆ ಆಟದ ಮೇಲೆ ಆಸೆ ಹೋಗಿತ್ತು ಎನ್ನುವವರಿಗೆ ಇನ್ನೊಂದು ಮಾತು. 2015ರಲ್ಲಿ ಅಮೆರಿಕದ ಊರುಗಳಲ್ಲೆಲ್ಲ ಹಾಕಿಯ ಮೇಲೆ ಅತಿ ಹೆಚ್ಚು ಪ್ರೀತಿಯಿರುವ ಊರು ಯಾವುದು ಎಂದು ಕ್ರಾಫ್ಟ್ ಕಂಪನಿಯವರು ಮೊದಲ ಬಾರಿ ಮತ ಹಾಕಿಸಿದರು. ಗೆದ್ದದ್ದು ಜಾನ್ಸ್‌ಟೌನ್! ಸಭಾಂಗಣದ ರಿಪೇರಿಗೆ ಒಂದೂವರೆ ಲಕ್ಷ ಡಾಲರ್ ಸಿಕ್ಕಿತು, ಸೆಪ್ಟೆಂಬರಿನಲ್ಲಿ ದೊಡ್ಡ ಲೀಗಿನ ಪಿಟ್ಸ್‌ಬರ್ಗ್ ತಂಡವೂ ಟ್ಯಾಂಪಾ ತಂಡವೂ ಅಲ್ಲಿಗೇ ಬಂದು ಆಡಿದವು. ತಂಡ ಬಿಟ್ಟುಹೋದ ಐದೇ ವರ್ಷಕ್ಕೆ. ಪ್ರೀತಿ ಇರಲಿಲ್ಲವಂತೆ!

ಹಾಗಾದರೆ ಬೇರೆ ದಾರಿಯಿದೆಯೇ? ಇದೆ, ಅದೂ ಅದೇ ದೇಶದಲ್ಲಿದೆ. ವಿಸ್ಕಾನ್ಸಿನ್ನಿನ ಗ್ರೀನ್ ಬೇ ಒಂದು ಲಕ್ಷದಷ್ಟು ಜನರ ಊರು. ಅಲ್ಲಿಯ ಪ್ಯಾಕರ್ಸ್ ಎಂಬ ಫುಟ್‌ಬಾಲ್ ತಂಡ 1923ರಿಂದ ಜನರ ಷೇರಿನ ಮೇಲೆ ನಡೆಯುತ್ತಿದೆ. ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಒಬ್ಬರಿಗೂ ಲಾಭದ ಪಾಲಿಲ್ಲ, ಆದರೆ ತಂಡವನ್ನು ಯಾರೂ ಎತ್ತಿಕೊಂಡು ಹೋಗುವಂತಿಲ್ಲ. ಆ ಲೀಗಿನವರು ಇಂಥ ವ್ಯವಸ್ಥೆ ಇನ್ನೊಂದು ಊರಿಗೆ ಸಿಗದಂತೆ ನಿಯಮ ಮಾಡಿಕೊಂಡಿದ್ದಾರೆ, ಭಯ ಇರಬೇಕಲ್ಲ! ಕ್ಲೀವ್‌ಲ್ಯಾಂಡಿನ ಬ್ರೌನ್ಸ್ ತಂಡವನ್ನು ಮಾಲೀಕ ಬಾಲ್ಟಿಮೋರಿಗೆ ಒಯ್ಯಹೊರಟಾಗ ಊರು ಕೋರ್ಟಿಗೆ ಹೋಯಿತು. 1996ರಲ್ಲಿ ಒಪ್ಪಂದವಾಗಿ ಆಟಗಾರರು ಹೋದರು. ಹೆಸರು, ಬಣ್ಣ, ಹಳೆಯ ದಾಖಲೆಗಳು ಊರಿನಲ್ಲೇ ಉಳಿದವು. ಮೂರು ವರ್ಷದಲ್ಲಿ ಅದೇ ಹೆಸರಿನ ತಂಡ ಮತ್ತೆ ಆಡಿತು. ದೊಡ್ಡ ಊರು, ದೊಡ್ಡ ವಕೀಲರು. ಸಣ್ಣ ಊರಿಗೆ ಈ ಭಾಗ್ಯ ಯಾಕಿಲ್ಲ? ಸಾರ್ವಜನಿಕ ಕಟ್ಟಡವನ್ನು ಬಾಡಿಗೆಗೆ ಕೊಡುವ ದಿನವೇ ಬರೆಸಿಕೊಳ್ಳಬೇಕು: ಹೆಸರು ಊರಿನದು, ಮಾರುವುದಾದರೆ ಮೊದಲು ಊರಿನವರನ್ನು ಕೇಳು, ಹೋಗುವುದಾದರೆ ಎರಡು ವರ್ಷ ಮುಂಚೆ ಹೇಳು. ಮನೆ ಬಾಡಿಗೆಗೆ ಕೊಡುವಾಗ ನಾವು ಹೆಂಗಸರು ಇದಕ್ಕಿಂತ ಹೆಚ್ಚು ಕರಾರು ಹಾಕುತ್ತೇವೆ.

ಈ ಸಣ್ಣ ತಂಡಗಳ ಹಿಂದೆ ಹೆಂಗಸರ ದುಡಿಮೆ ಎಷ್ಟಿದೆ ಎಂಬುದನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೂರದ ಊರಿನಿಂದ ಬಂದ ಹುಡುಗರಿಗೆ ಊಟಕ್ಕೆ ಕರೆಯುವುದು, ಅಭಿಮಾನಿಗಳ ಸಂಘದ ಲಾಟರಿ ಚೀಟಿ ಹರಿಯುವುದು, ಇವೆಲ್ಲ ಬಿಟ್ಟಿ ಚಾಕರಿ. ಮಾರಾಟದ ಪತ್ರದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

2012ರಲ್ಲಿ ಜಾನ್ಸ್‌ಟೌನಿಗೆ ಮತ್ತೆ ಒಂದು ತಂಡ ಬಂತು. ಈ ಸಲ ಸಂಬಳದ ಆಟಗಾರರಲ್ಲ, ಇಪ್ಪತ್ತರ ಒಳಗಿನ ಹುಡುಗರು. ಹೆಸರು ಟಾಮಹಾಕ್ಸ್. ಸಭಾಂಗಣದಲ್ಲಿ ಮತ್ತೆ ಗದ್ದಲ, ಮತ್ತೆ ಟಿಕೆಟ್ಟಿನ ಸಾಲು. ಅಳಿಯಂದಿರು "ನೋಡಿದಿರಾ ಅತ್ತೆ, ಹೋದದ್ದು ಬಂತು" ಎಂದು ಗೆದ್ದವರ ಹಾಗೆ ನಕ್ಕರು. ಎಲ್ಲಿಂದ ಬಂತು ಎಂದು ಕೇಳಿದೆ. ಫೋನಿನಲ್ಲಿ ಹುಡುಕಿ ಓದಿ ಹೇಳಿದರು. ಅಲಾಸ್ಕಾದಲ್ಲಿ ಅವಲಾಂಚ್ ಎಂಬ ತಂಡವಿತ್ತಂತೆ. ಅದನ್ನು ಅಲ್ಲಿಂದ ಎತ್ತಿಕೊಂಡು ಬಂದು ಇಲ್ಲಿ ಈ ಹೆಸರಿಟ್ಟರಂತೆ.