ಪೊಟ್ಟಣದ ಮೇಲೆ ರೈತನ ಚಿತ್ರ, ಗಲ್ಲಾಪೆಟ್ಟಿಗೆ ಯಾರದು?

ದುರ್ಗದ ದಿನಸಿ ಅಂಗಡಿಗಳಲ್ಲಿ, ಹಿರಿಯೂರು ಹೊಳಲ್ಕೆರೆಗಳ ಪೇಟೆಬೀದಿಗಳಲ್ಲಿ ‘ಸಾವಯವ’ ಎಂದು ಅಚ್ಚಾದ ಪೊಟ್ಟಣಗಳು ಈಗ ಸಾಮಾನ್ಯವಾಗಿವೆ. ಬೇಳೆ, ಬೆಲ್ಲ, ರಾಗಿಹಿಟ್ಟು, ಸೀಗೆಪುಡಿ, ಸೋಪು, ಎಲ್ಲವೂ ಈ ಹೆಸರಿನಲ್ಲಿ ಬರುತ್ತಿವೆ. ಹಸಿರು ಎಲೆಯ ಗುರುತು, ನಗುವ ರೈತನ ಚಿತ್ರ. ಕೊಂಡವನು ನಾಲ್ಕು ಕಾಸು ಹೆಚ್ಚಿಗೆ ತೆತ್ತರೂ ಅದು ಬೆಳೆದವನ ಕೈಸೇರಿತೆಂದು ಸಮಾಧಾನಪಡುತ್ತಾನೆ. ಆದರೆ ಆ ಹಣ ಕೊನೆಗೆ ಸೇರುವುದು ಎಲ್ಲಿಗೆ?

ನಡೆದ ಸಂಗತಿಗಳನ್ನು ನೋಡೋಣ. ಬೆಂಗಳೂರಿನ ಮಾವಳ್ಳಿ ಟಿಫನ್ ರೂಮ್ 1924ರಲ್ಲಿ ಮೈಯ್ಯ ಮನೆತನದವರು ಕಟ್ಟಿದ ಹೋಟೆಲು. ಹೋಟೆಲು ಮನೆತನದಲ್ಲಿಯೇ ಉಳಿಯಿತು, ಆದರೆ ಎಂ.ಟಿ.ಆರ್. ಹೆಸರಿನ ಪುಡಿ, ಮಿಶ್ರಣಗಳ ಕಂಪನಿ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕೈಸೇರಿತು. ರಾಗಿಯ ತಿನಿಸುಗಳಿಂದ ಹೆಸರು ಮಾಡಿದ ಬೆಂಗಳೂರಿನ ಸೋಲ್‌ಫುಲ್ 2021ರಲ್ಲಿ ಟಾಟಾ ಕಂಪನಿಗೆ ಹೋಯಿತು. ತುಳಸಿ ಚಹಾದ ಆರ್ಗ್ಯಾನಿಕ್ ಇಂಡಿಯಾವನ್ನೂ 2024ರಲ್ಲಿ ಅದೇ ಟಾಟಾ ಕೊಂಡಿತು. ಹೈದರಾಬಾದಿನಲ್ಲಿ 2004ರಲ್ಲಿ ಹುಟ್ಟಿದ ಕಂಪನಿಯ ‘24 ಮಂತ್ರ’ ಸಾವಯವ ದಿನಸಿಯು 2025ರಲ್ಲಿ ಐ.ಟಿ.ಸಿ. ಪಾಲಾಯಿತು. ಐ.ಟಿ.ಸಿ. ಸಿಗರೇಟಿನಿಂದ ಬೆಳೆದ ಕಂಪನಿ. ಅದರ ಅತಿ ದೊಡ್ಡ ಪಾಲುದಾರ ಲಂಡನ್ನಿನ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ. ವಿಷವಿಲ್ಲದ ಬೇಳೆಯನ್ನು ಹುಡುಕಿ ಹೊರಟವನು ಹೊಗೆಸೊಪ್ಪಿನ ಬಾಗಿಲಿಗೇ ಬಂದು ನಿಂತಂತಾಯಿತು!

ಇದರಲ್ಲಿ ಕಾನೂನುಬಾಹಿರವಾದುದೇನೂ ಇಲ್ಲ. ತೊಂದರೆಯಿರುವುದು ಅಲ್ಲಿಯೇ. ತಯಾರಕನ ಹೆಸರು, ವಿಳಾಸ, ತೂಕ, ಬೆಲೆಗಳನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಕಾನೂನಿದೆ. ಆ ತಯಾರಕನ ಹಿಂದೆ ಇರುವ ಒಡೆಯನಾರೆಂದು ತಿಳಿಸಬೇಕೆಂಬ ಕಟ್ಟಳೆಯಿಲ್ಲ. ‘ಜೈವಿಕ್ ಭಾರತ್’ ಮುದ್ರೆಯು ಬೆಳೆ ಹೇಗೆ ಬೆಳೆಯಿತೆಂಬುದಕ್ಕೆ ಸಾಕ್ಷಿ, ಲಾಭ ಯಾರಿಗೆಂಬುದಕ್ಕಲ್ಲ.

ಒಡೆಯನು ಬದಲಾದರೆ ರಾಗಿಯ ರುಚಿ ಕೆಡುವುದೇ ಎಂದು ಕೆಲವರು ಕೇಳುತ್ತಾರೆ. ಕೆಡಬೇಕಾಗಿಲ್ಲ. ದೊಡ್ಡ ಕಂಪನಿಗೆ ಪರೀಕ್ಷಾಲಯವಿದೆ, ದೂರದ ಮಾರುಕಟ್ಟೆಯಿದೆ, ಇದನ್ನು ಒಪ್ಪೋಣ. ಆದರೆ ಕೆಡುವುದು ವ್ಯವಹಾರದ ಸಮತೋಲ. ಹೊಸದುರ್ಗದ ಕೆಂಪುನೆಲದಲ್ಲಿ ಸಾಮೆ ಬೆಳೆಯುವ ರೈತನನ್ನೇ ತೆಗೆದುಕೊಳ್ಳಿ. ಸಿಪ್ಪೆ ತೆಗೆದ ಹೊರತು ಸಾಮೆಯು ಅಕ್ಕಿಯಾಗದು. ಸಿಪ್ಪೆ ತೆಗೆಯುವ ಯಂತ್ರ, ಗೋದಾಮು, ಪೊಟ್ಟಣದ ಹೆಸರು, ಈ ಮೂರೂ ಪರರದಾದರೆ ಬೆಲೆ ಹೇಳುವವರೂ ಪರರೇ. ಕೊಳ್ಳುವ ಕೈಗಳು ಹತ್ತಿದ್ದಾಗ ರೈತ ಚೌಕಾಶಿ ಮಾಡಬಲ್ಲ. ಎರಡೇ ಉಳಿದಾಗ ಕೊಟ್ಟಷ್ಟು ಪಡೆಯಬೇಕು. ಚಿಲ್ಲರೆ ವ್ಯಾಪಾರಿಯ ಪಾಡೂ ಇದೇ: ಹತ್ತು ಹೆಸರುಗಳ ಹಿಂದೆ ಒಬ್ಬನೇ ಯಜಮಾನನಿದ್ದರೆ ಕಮಿಷನ್ ಎಷ್ಟೆಂದು ನಿಶ್ಚಯಿಸುವವನು ಅವನೇ.

ಹಾಗಾದರೆ ಸಣ್ಣ ಮಾಲೀಕನನ್ನು ಹುಡುಕಿ ಕೊಂಡರೆ ಮುಗಿಯಿತೆ? ಇಲ್ಲ. ಒಬ್ಬನ ಸೊತ್ತಾದುದನ್ನು ಒಬ್ಬನೇ ಮಾರಬಲ್ಲ. ನಮ್ಮ ದೇಶದ ಥಮ್ಸ್ ಅಪ್ ಪಾನೀಯವು 1993ರಲ್ಲಿ ಕೋಕಾಕೋಲಾಕ್ಕೆ ಹೋದುದು ಹೀಗೆಯೇ. ಇಂದಿನ ಸ್ವತಂತ್ರ ಹೆಸರು ನಾಳೆಯ ಮಾರಾಟದ ಸರಕು. ಅಲ್ಲದೆ ಸಣ್ಣ ಮಾಲೀಕನೆಲ್ಲ ಧರ್ಮರಾಯನೂ ಅಲ್ಲ. ಎಲೆಯ ಚಿತ್ರ ಅಚ್ಚುಹಾಕಿ ಪೊಟ್ಟಣ ಕಟ್ಟುವ ಹೆಣ್ಣಾಳಿಗೆ ಕನಿಷ್ಠ ಕೂಲಿಯನ್ನೂ ಕೊಡದವನ ಸರಕು ಶುದ್ಧವೆಂದು ಹೇಗೆ ಹೇಳುವುದು? ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು. ಈ ಸಂಸ್ಥೆಯನ್ನು ಒಬ್ಬನು ಮಾರಬಲ್ಲನೆ? ಇಲ್ಲಿ ದುಡಿಯುವವನಿಗೆ ನ್ಯಾಯವಾದ ಕೂಲಿ ಇದೆಯೆ?

ಮಾರಲಾಗದ ಒಡೆತನವೂ ಉಂಟು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ 1844ರಲ್ಲಿ 28 ಜನ, ಅವರಲ್ಲಿ ಹಲವರು ನೇಕಾರರು, ಪೈಸೆ ಪೈಸೆ ಕೂಡಿಟ್ಟು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿಗಳಲ್ಲಿ ಬೆರಕೆ ಕೂಡದು, ತೂಕ ಸರಿಯಿರಬೇಕು, ಒಬ್ಬನಿಗೆ ಒಂದೇ ಮತ ಎಂಬುದು ಅವರ ನಿಯಮ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರಿ ಸಂಘ ಹುಟ್ಟಿತು. ನಂದಿನಿ ಹಾಲು ಇಂದಿಗೂ ಹಳ್ಳಿ ಸಂಘಗಳ ಸೊತ್ತು. ಮೈಸೂರು ಸ್ಯಾಂಡಲ್ ಸೋಪು 1916ರ ಸರ್ಕಾರಿ ಕಾರ್ಖಾನೆಯಿಂದ ಬೆಳೆದು ಈಗಲೂ ರಾಜ್ಯದ ಒಡೆತನದಲ್ಲಿದೆ. 2002ರ ತಿದ್ದುಪಡಿಯಿಂದ ಬಂದ ಉತ್ಪಾದಕರ ಕಂಪನಿಗಳಲ್ಲಿ ಬೆಳೆಯುವವರೇ ಸದಸ್ಯರು. ಪೇಟೆಯ ಸಾಹುಕಾರನು ಶೇರು ಕೊಂಡು ಯಜಮಾನನಾಗುವಂತಿಲ್ಲ. ಸಹಜ ಸಮೃದ್ಧದವರ ಸಾವಯವ ಉತ್ಪಾದಕರ ಕಂಪನಿ ಇಂಥದೇ.

ಸಂಘವೆಂದ ಮಾತ್ರಕ್ಕೆ ಮೈಮರೆಯಬಾರದು. ಸದಸ್ಯರು ಲೆಕ್ಕ ಕೇಳದ ಸಂಘವು ಊರ ಪ್ರಮುಖನ ಮನೆಯ ಕೋಣೆಯಾಗುತ್ತದೆ. ಆದರೆ ಅಲ್ಲಿ ಲೆಕ್ಕ ಕೇಳುವ ಹಕ್ಕಾದರೂ ಇದೆ. ನಾರ್ವೆಗೆ ಹೋಗಿ ಕೇಳುವವರಾರು?

ಈಗ ಮಾಡಬಹುದಾದುದು ಇಷ್ಟು. ಗಿರಣಿಯ ಕೆಲಸಗಾರರು, ಇಪ್ಪತ್ತು ಮನೆಯವರು ಕೂಡಿ ಹಂಗಾಮಿನಲ್ಲಿ ರೈತನಿಂದ ನೇರವಾಗಿ ಚೀಲದ ಲೆಕ್ಕದಲ್ಲಿ ಕೊಳ್ಳಲಿ. ಅರ್ಧ ಕಿಲೋ ಪೊಟ್ಟಣದ ಬೆಲೆ ನಮ್ಮ ಸಂಬಳಕ್ಕೆ ಎಟುಕದು. ಬೆಳೆದ ಸಣ್ಣ ರೈತನೇ ಬಳಸುವವನಿಗೆ ನೇರವಾಗಿ ಮಾರಿದರೆ ಸಾವಯವ ಪ್ರಮಾಣಪತ್ರ ಬೇಡವೆಂದು 2017ರ ನಿಯಮವೇ ಹೇಳುತ್ತದೆ. ಅಂಗಡಿಯಲ್ಲಿಟ್ಟು ಸಾವಯವವೆಂದು ಮಾರುವ ವ್ಯಾಪಾರಿಗೆ ಪ್ರಮಾಣ ಬೇಕು. ರೈತರು ಗುಂಪಾಗಿ ಒಬ್ಬರ ಹೊಲವನ್ನೊಬ್ಬರು ಪರಿಶೀಲಿಸುವ ಪಿ.ಜಿ.ಎಸ್. ಪದ್ಧತಿಯಲ್ಲಿ ಅದು ಕಡಿಮೆ ಖರ್ಚಿನಲ್ಲಿ ದೊರೆಯುತ್ತದೆ. ಅಂಥ ಗುಂಪುಗಳ ಸರಕಿಗೆ ಮುಂಗಟ್ಟೆಯಲ್ಲಿ ಒಂದು ಸಾಲು ಬಿಡಿ. ಪೊಟ್ಟಣದ ಮೇಲೆ ನಿಜವಾದ ಒಡೆಯನ ಹೆಸರನ್ನೂ ಅಚ್ಚುಹಾಕಿಸುವ ಕಾನೂನು ತನ್ನಿರೆಂದು ಮತ ಕೇಳಲು ಬಂದವರನ್ನು ಒತ್ತಾಯಿಸಿ.

ಅನ್ನ ಯಾರು ಬೆಳೆದರೆಂದು ಕೇಳುವುದನ್ನು ನಾವು ಕಲಿತಿದ್ದೇವೆ. ಅದರ ಬೆಲೆಯನ್ನು ಯಾರು ಕಟ್ಟುತ್ತಾರೆಂದು ಕೇಳುವುದನ್ನೂ ಇನ್ನು ಕಲಿಯಬೇಕು.