ಮೊದಲು ಬ್ರೇಕ್, ಆಮೇಲೆ ಎಂಜಿನ್

ನಮ್ಮ ಮೂಡಿಗೆರೆ ಕಡೆಯ ಹುಡುಗರು ಹಳೇ ಮಾರುತಿ ಎಸ್ಟೀಮ್ ತಂದು ಮನೆಯ ಶೆಡ್ಡಿನಲ್ಲೇ ರ‍್ಯಾಲಿ ಕಾರು ಕಟ್ಟಲು ಕೂತರೆ, ಗ್ಯಾರೇಜಿನಲ್ಲೇ ತಲೆ ನರೆತ ನನಗೆ ಖುಷಿಯೇ. 1298 ಸಿಸಿಯ ಆ ಎಂಜಿನ್ ಹಗುರ, ಗಟ್ಟಿ, ಬಿಚ್ಚಿ ಜೋಡಿಸಲು ಸುಲಭ. ಆದರೆ ಇವರ ಮೊದಲ ದುಡ್ಡು ಹೋಗುವುದು ಸದ್ದು ಮಾಡುವ ಸೈಲೆನ್ಸರ್‌ಗೆ, ಅಲಾಯ್ ವೀಲಿಗೆ. ಇದಕ್ಕೆ ನನ್ನ ವಿರೋಧವಿದೆ.

ಮೊದಲ ದುಡ್ಡು ಬ್ರೇಕಿಗೆ ಹೋಗಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೇಳುವುದೇ ಬೇಡ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಘಾಟಿ ಇಳಿಯುವಾಗ ಕುದಿದು ಆವಿಯಾಯಿತೆಂದರೆ ಪೆಡಲ್ ತಳಕ್ಕೆ ಹೋಗಿ ಕೂರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ತಡೆಯುತ್ತದೆ, ಬೆಲೆಯೂ ಹೆಚ್ಚಲ್ಲ. ಆಮೇಲೆ ಪ್ಯಾಡು, ಟೈರು, ಸೀಟ್ ಬೆಲ್ಟು. ಹಿಂದಿನ ಸೀಟು, ಕಾರ್ಪೆಟ್ಟು ಕಿತ್ತು ತೂಕ ಇಳಿಸಲು ಒಂದು ಸ್ಪ್ಯಾನರ್ ಸಾಕು.

ಕಾರಿನೊಳಗೆ ಕೂತವರನ್ನು ಕಾಯುವ ಕೊಳವೆಯ ಪಂಜರ, ಅಂದರೆ ರೋಲ್ ಕೇಜಿನಲ್ಲಿ ಮಾತ್ರ ಉಳಿತಾಯ ಕೂಡದು. ನೀರಿನ ಜಿಐ ಪೈಪು ಬಗ್ಗಿಸಿ ವೆಲ್ಡಿಂಗ್ ಮಾಡಿದ್ದನ್ನು ಕಂಡಿದ್ದೇನೆ. ಕಾರು ಮಗುಚಿದರೆ ಅದು ಓಡಿಸುವವನ ಮೇಲೇ ಮಡಚಿಕೊಳ್ಳಬಹುದು. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯ ನಿಯಮ ಕೇಳುವುದು ಹೊಲಿಗೆಯಿಲ್ಲದ ಉಕ್ಕಿನ ಕೊಳವೆ. ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸವಾದರೆ ಕನಿಷ್ಠ 2.5 ಮಿ.ಮೀ. ದಪ್ಪ.

ಇಂಥ ಕಾರು ಊರ ರಸ್ತೆಗೆ ಇಳಿಯಬಾರದು, ಕಾನೂನೂ ಒಪ್ಪುವುದಿಲ್ಲ. ಹಾಗಾದರೆ ಓಡಿಸುವುದೆಲ್ಲಿ? ರ‍್ಯಾಲಿಗೆ ಹೆಸರಾದ ಚಿಕ್ಕಮಗಳೂರಿನಲ್ಲಿ ಜಿಲ್ಲಾಡಳಿತ ತಿಂಗಳಿಗೊಂದು ಭಾನುವಾರ ಖಾಲಿ ಮೈದಾನ ಕೊಡಲಿ, ಪಕ್ಕದಲ್ಲಿ ಒಂದು ಆಂಬುಲೆನ್ಸ್ ನಿಲ್ಲಿಸಲಿ. ಬಾಡಿಗೆಯನ್ನು ಹುಡುಗರೇ ಕಟ್ಟುತ್ತಾರೆ.